ಪದಚರ್ಚೆ: ನವರಂಗ ಹಕ್ಕಿ ಚಳಿಗಾಲ ಕಳೆಯುವ ಜಾಗಕ್ಕೆ ಏನನ್ನೋಣ?

ಹೊಸನಗರದಿಂದ:
ಎಲ್ಲರಿಗೂ ನಮಸ್ಕಾರ. ಬೋರ್ಡ್ ಬರೆಯುವವರು ನಾಳಿದ್ದು ಬರುತ್ತಾರೆ. ಅಷ್ಟರೊಳಗೆ ಒಂದು ಪದ ಬೇಕು. ನಮ್ಮೂರ ಸೊಪ್ಪಿನಬೆಟ್ಟದ, ಅಂದರೆ ಊರವರು ಸೊಪ್ಪು ತರುವ ಕಾಡಿನ, ಒಂದು ಮೂಲೆಗೆ ನವರಂಗ ಹಕ್ಕಿ ಬರುತ್ತದೆ. ಅಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವುದು ಬೇಡ ಅಂತ ಊರವರು ಒಪ್ಪಿದ್ದಾರೆ. ಕರಡಿನಲ್ಲಿ 'ವಲಸೆ ಹಕ್ಕಿಯ ಚಳಿಗಾಲದ ತಂಗುದಾಣ' ಅಂತ ಇದೆ. ತಂಗುದಾಣ ಅಂದ ಕೂಡಲೇ ಬಸ್ಸು ಕಾಯುವ ಶೆಡ್ಡೇ ಕಣ್ಣಿಗೆ ಬರುತ್ತದೆ, ಅಲ್ವಾ? 'ಗೂಡಿನ ತಾಣ' ಅಂದರು ಒಬ್ಬರು. ಅದೂ ಸರಿಯಲ್ಲ. ನವರಂಗ ಮರಿ ಮಾಡುವುದು ಮಳೆಗಾಲದಲ್ಲಿ, ಹೆಚ್ಚಾಗಿ ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ. ನಮ್ಮಲ್ಲಿಗೆ ಬರುವುದು ಬರೀ ಹೊಟ್ಟೆಪಾಡಿಗೆ. ಒಣಗಿದ ಎಲೆ ಕೆದಕಿ ಹುಳ, ಎರೆಹುಳ ತಿಂದುಕೊಂಡಿದ್ದು, ಬೇಸಿಗೆ ಬಲಿಯುವ ಹೊತ್ತಿಗೆ ವಾಪಸ್ಸು. ಇಂಥ ಜಾಗಕ್ಕೆ ಚಿಕ್ಕದೊಂದು ಪದ ಹೇಳಿ.

ಸಾಗರದಿಂದ:
ತಂಗುದಾಣದಲ್ಲಿ ತಪ್ಪೇನಿಲ್ಲ. ತೊಂದರೆ ಇರುವುದು 'ನವರಂಗ'ದಲ್ಲಿ. ಅದು ಸಂಸ್ಕೃತ, ಒಂಬತ್ತು ಬಣ್ಣ ಅಂತ. ಇಕ್ಕೇರಿ ಪಕ್ಕದಲ್ಲಿರುವ ನಮಗೆ ನವರಂಗ ಅಂದರೆ ದೇವಸ್ಥಾನದ ಒಳಮಂಟಪ. 'ಒಂಬಣ್ಣದ ಹಕ್ಕಿ' ಅನ್ನಿ. ಅಚ್ಚಗನ್ನಡ.

ಮೈಸೂರಿನಿಂದ:
ಅಚ್ಚಗನ್ನಡವಂತೆ! ಬಣ್ಣ ಅನ್ನುವುದು ವರ್ಣದ ತದ್ಭವ. ಹಕ್ಕಿ ಪಕ್ಷಿಯ ತದ್ಭವ. ನಿಮ್ಮ ಪಾಲಿಗೆ ಉಳಿದದ್ದು 'ಒಂ' ಮಾತ್ರ.

ಸಾಗರದಿಂದ:
ತದ್ಭವ ನಮ್ಮದೇ. ಪಕ್ಕಿ ಹಕ್ಕಿಯಾಯಿತು, ಪಾಲು ಹಾಲಾದ ಹಾಗೆ. ಬಂದ ಪದವನ್ನು ಕನ್ನಡ ತನ್ನ ಬಾಯಿಗೆ ಒಗ್ಗಿಸಿಕೊಂಡಿದೆ. ನವರಂಗ ಎಲ್ಲಿ ಒಗ್ಗಿದೆ? ಬಂದ ಹಾಗೇ ಕೂತಿದೆ.

ಬೆಂಗಳೂರಿನಿಂದ:
ಸುಮ್ನೆ 'ಪಿಟ್ಟ' ಅಂತ ಬರೆಯಿರಿ. ಹಕ್ಕಿ ನೋಡಲು ಬರುವವರಿಗೆಲ್ಲ ಗೊತ್ತು.

ಸಾಗರದಿಂದ:
ಇಂಗ್ಲಿಷ್ ಬೇಡವೇ ಬೇಡ.

ಬಳ್ಳಾರಿಯಿಂದ:
ಪಿಟ್ಟ ಇಂಗ್ಲಿಷ್ ಅಂತ ಯಾರು ಹೇಳಿದರು? ಅದು ತೆಲುಗು. ಪುಟ್ಟ ಹಕ್ಕಿ ಅಂತ ಅರ್ಥ, ನಮ್ಮ ಕಡೆ ಮಕ್ಕಳ ಬಾಯಲ್ಲೂ ಇದೆ. ಜೀವಿಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್ 1766ರಲ್ಲಿ ಈ ಹಕ್ಕಿಯನ್ನು ಕಾಗೆಗಳ ಕುಲಕ್ಕೆ ಸೇರಿಸಿಬಿಟ್ಟಿದ್ದ. ಆಮೇಲೆ 1816ರಲ್ಲಿ ಫ್ರಾನ್ಸಿನ ವಿಯೆಯೊ ಇದಕ್ಕೆ ಬೇರೆ ಕುಲ ಮಾಡಿ, ತೆಲುಗಿನ ಪದವನ್ನೇ ಹೆಸರಾಗಿಟ್ಟ. ಪ್ಯಾರಿಸ್ ಸುತ್ತಿ ಬಂದ ಮಾತ್ರಕ್ಕೆ ಇಂಗ್ಲಿಷ್ ಆಗಿಬಿಡುತ್ತಾ? ಇನ್ನು ತಮಿಳರ ಹೆಸರು ನೋಡಿ, ಆರುಮಣಿ ಕುರುವಿ. ಆರು ಗಂಟೆಯ ಹಕ್ಕಿ. ಬೆಳಗಾಗುವಾಗ, ಮುಸ್ಸಂಜೆಗೆ ಕೂಗುತ್ತದಲ್ಲ, ಅದಕ್ಕೆ. ಬಣ್ಣ ಎಣಿಸುತ್ತಾ ಕೂರಲಿಲ್ಲ ಅವರು.

ಸಾಗರದಿಂದ:
ಹಾಗಾದರೆ ನಿಯಮದ ಪ್ರಕಾರ ಪಿಟ್ಟ ಕನ್ನಡದಲ್ಲಿ 'ಹಿಟ್ಟ' ಆಗಬೇಕು. ಹಳಗನ್ನಡದ ಪಕಾರ ನೋಡಿ...

ಮೈಸೂರಿನಿಂದ:
ಹಿಟ್ಟು ರುಬ್ಬಿದ್ದು ಸಾಕು.

ತೀರ್ಥಹಳ್ಳಿಯಿಂದ:
ಅವರು ಕೇಳಿದ್ದು ಜಾಗದ ಹೆಸರು. ಹಕ್ಕಿಯ ಹೆಸರು ಯಾರೂ ಕೇಳಲಿಲ್ಲ.

'ಬಿಡಾರ' ಅನ್ನಿ. ಕೊಯ್ಲಿಗೆ ಬಂದವರು ಬಿಡಾರ ಹೂಡುತ್ತಾರೆ, ಕೆಲಸ ಮುಗಿದ ಮೇಲೆ ಕಿತ್ತುಕೊಂಡು ಹೋಗುತ್ತಾರೆ. ಮನೆ, ಸಂಸಾರ ಎಲ್ಲ ಬೇರೆ ಊರಲ್ಲಿ. ನವರಂಗದ ಕತೆಯೂ ಅದೇ. 'ವಲಸೆ ಹಕ್ಕಿ' ಅಂತ ದೊಡ್ಡದಾಗಿ ಹಾಕಿದರೆ ನಮ್ಮ ಜನ ಮಂಡಗದ್ದೆ, ಗುಡವಿಯ ಪಕ್ಷಿಧಾಮ ನೆನೆಸಿಕೊಂಡು ನೀರು ಹುಡುಕುತ್ತಾರೆ. ಅಲ್ಲಿಗೆ ಬೆಳ್ಳಕ್ಕಿಗಳು ಹಿಂಡಾಗಿ ಬರುವುದು ಗೂಡು ಕಟ್ಟುವುದಕ್ಕೆ. ಇದು ಒಂಟಿ ಹಕ್ಕಿ, ಮರದ ನೆರಳಿನ ನೆಲದಲ್ಲಿ ಕುಪ್ಪಳಿಸಿಕೊಂಡಿರುತ್ತದೆ. ಹತ್ತಿರ ಹೋದರೂ ಕಾಣುವುದಿಲ್ಲ. 'ವಲಸಿಗ' ಅಂತೂ ಮುಟ್ಟಬೇಡಿ, ಪಕ್ಷ ಬಿಡುವವರು ಆ ಪದವನ್ನು ಕೆಡಿಸಿಟ್ಟಿದ್ದಾರೆ.

'ದರಗು' ಮಾತ್ರ ಬಿಡಬೇಡಿ. ಬೋರ್ಡಿನ ಜೀವ ಇರುವುದೇ ಅದರಲ್ಲಿ. ದರಗಿನ ಅಡಿ ತೇವ, ತೇವದಲ್ಲಿ ಹುಳ. ಕೊಟ್ಟಿಗೆಗೆ, ತೋಟಕ್ಕೆ ಅಂತ ಪೂರಾ ಬಳಿದುಕೊಂಡು ಬಂದರೆ ನೆಲ ಒಣಗಿ ಹಕ್ಕಿಗೆ ಕೆದಕುವುದಕ್ಕೇ ಏನೂ ಇರುವುದಿಲ್ಲ. 'ಅಳಿವಿನಂಚಿನ ಪಕ್ಷಿ' ಅಂತ ಸೇರಿಸುವ ಆಸೆ ಇದ್ದರೆ ಬಿಡಿ. ಯಾವ ಜೀವಿಗೆ ಎಷ್ಟು ಅಪಾಯ ಅಂತ ಹೇಳುವ ಐಯುಸಿಎನ್ ಪಟ್ಟಿಯಲ್ಲಿ ಇದು ಆತಂಕ ಕಡಿಮೆ ಇರುವ ಗುಂಪಿನಲ್ಲಿದೆ. ಸುಳ್ಳು ಹೇಳಿ ದರಗು ಉಳಿಸುವುದು ಬೇಡ.

ಜಾಗ ಇದ್ದರೆ ಇನ್ನೊಂದು ಸಾಲು ಹಾಕಿ. ಇದು ದೂರ ಹಾರುವುದು ರಾತ್ರಿ ಹೊತ್ತು. ದೀಪಕ್ಕೆ ದಾರಿ ತಪ್ಪಿ ಮನೆಯೊಳಗೆ ಬರುತ್ತದೆ, ಕಿಟಕಿ ಗಾಜಿಗೆ ಬಡಿದು ಬೀಳುತ್ತದೆ. ಬಿದ್ದದ್ದಕ್ಕೆ ಬಾಯಿ ಬಿಡಿಸಿ ನೀರು ಹುಯ್ಯಬಾರದು. ಗಾಳಿಯಾಡುವ ರಟ್ಟಿನ ಡಬ್ಬದೊಳಗೆ ಕತ್ತಲಲ್ಲಿ ಇಟ್ಟು, ಚೇತರಿಸಿಕೊಂಡ ಮೇಲೆ ಬಿಡಬೇಕು.

ಮೈಸೂರಿನಿಂದ:
ಬಿಡಾರ ಒಪ್ಪಿದೆ. ಆದರೆ ದರಗು ಅಲ್ಲ, ತರಗು. ಬೋರ್ಡಿನ ಮೇಲೆ ಗ್ರಂಥರೂಪವೇ ಇರಬೇಕು.

ಶಿರಸಿಯಿಂದ:
ದರಕು.

ತೀರ್ಥಹಳ್ಳಿಯಿಂದ:
ಗುಡಿಸುವವರು ಓದಬೇಕಾದ ಬೋರ್ಡು ಅದು. ಗ್ರಂಥ ಮೈಸೂರಲ್ಲೇ ಇರಲಿ.

ಹೊಸನಗರದಿಂದ:
ಎಲ್ಲರಿಗೂ ಧನ್ಯವಾದ. ಬರೆಯುವವರಿಗೆ ಕೊಟ್ಟದ್ದು ಇಷ್ಟು: 'ನವರಂಗ ಹಕ್ಕಿಯ ಬಿಡಾರ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿ ದರಗು ಗುಡಿಸಬೇಡಿ.' ಗಾಜಿನ ವಿಷಯಕ್ಕೆ ಜಾಗ ಸಾಲಲಿಲ್ಲ, ಅದನ್ನು ಶಾಲೆಯ ಗೋಡೆಗೆ ಬೇರೆಯಾಗಿ ಬರೆಸುತ್ತೇವೆ.

ಸಾಗರದಿಂದ:
ಅಕ್ಟೋಬರ್, ಏಪ್ರಿಲ್ ಯಾಕೆ? ಹಳ್ಳಿಯವರಿಗೆ ತಿಳಿಯುವ ಹಾಗೆ 'ನವರಾತ್ರಿಯಿಂದ ಯುಗಾದಿವರೆಗೆ' ಅನ್ನಬಹುದಿತ್ತು.

ಮೈಸೂರಿನಿಂದ:
ಈಗ 'ನವ' ಬಂದರೆ ಪರವಾಗಿಲ್ವಾ?