ಅಪ್‌ಡೇಟ್: ಕಬಡ್ಡಿ ಆಡುವಾಗ ಲಿಗಮೆಂಟ್ ಹರಿದ ತಮ್ಮನ ಕ್ಲೇಮ್ ಪಾಸಾಯ್ತು

ನೆನಪಿದೆಯಾ? ಊರ ಟೂರ್ನಮೆಂಟ್‌ನಲ್ಲಿ ರೈಡ್‌ಗೆ ಹೋದ ತಮ್ಮನ ಮಂಡಿ ತಿರುಚಿ ಆಪರೇಷನ್ ಆಗಿತ್ತು. ಪಾಲಿಸಿ ಮಾಡಿಸಿ ಇನ್ನೂ 11 ತಿಂಗಳಾಗಿತ್ತಷ್ಟೇ, ‘ಮಂಡಿ ಚಿಕಿತ್ಸೆಗೆ 24 ತಿಂಗಳು ಕಾಯಬೇಕು’ ಅಂತ ಇನ್ಶೂರೆನ್ಸ್‌ನವರು ರಿಜೆಕ್ಟ್ ಮಾಡಿದ್ದರು. ಹಾಗಾಗಿ ಮುಂದೇನು ಮಾಡೋದು ಅಂತ ಇಲ್ಲಿ ಕೇಳಿದ್ದೆ.

ಕೆಲಸಕ್ಕೆ ಬಂದಿದ್ದು ‘ಪಾಲಿಸಿಯ ಸಣ್ಣಕ್ಷರ ಓದಿ’ ಅಂದವರ ಮಾತು. ಅಪಘಾತದಿಂದ ಆದ ಗಾಯಕ್ಕೆ ಆ ಕಾಯುವ ಅವಧಿ ಅನ್ವಯಿಸಲ್ಲ ಅಂತ ಅದರಲ್ಲೇ ಇತ್ತು! ಎಡವಟ್ಟಾಗಿದ್ದು ನಮ್ಮ ಡಿಸ್ಚಾರ್ಜ್ ಸಮರಿಯಲ್ಲಿ. ‘ಬಲ ಮಂಡಿ ನೋವು’ ಅಂತಷ್ಟೇ ಬರೆದಿದ್ದರು, ಬಿದ್ದ ಸುದ್ದಿಯೇ ಇಲ್ಲ. ಡಾಕ್ಟರ್ ಹತ್ರ ‘ಆಟದಲ್ಲಿ ಬಿದ್ದು ಆದ ಹೊಸ ಗಾಯ’ ಅಂತ ಪತ್ರ ಬರೆಸಿ, ಅವತ್ತು ರಾತ್ರಿಯ ಕ್ಯಾಶುವಾಲಿಟಿ ಚೀಟಿ ಸೇರಿಸಿ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ (ದೂರು ನೋಡೋ ಅಧಿಕಾರಿ) ಮೇಲ್ ಹಾಕಿದೆ. 19ನೇ ದಿನಕ್ಕೆ ದುಡ್ಡು ಬಂತು. ಗ್ಲೌಸು, ಬ್ರೇಸು ಅಂತ ಒಂದಿಷ್ಟು ಕತ್ತರಿಸಿದ್ದಾರೆ, ಹೋಗ್ಲಿ ಬಿಡಿ.

ವರ್ಷಕ್ಕೆ 20 ರೂಪಾಯಿ ಕಟ್ಟೋ ಸರ್ಕಾರಿ ಅಪಘಾತ ವಿಮೆ, ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ಉಪಯೋಗಕ್ಕೆ ಬರಲಿಲ್ಲ. ಅದು ಸಾವು, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆ ಬಿಲ್ಲಿಗಲ್ಲ. ವಿಮೆ ಕಂಪನಿಗಳ ಮೇಲಿನ ದೂರು ಬಗೆಹರಿಸೋ ಒಂಬುಡ್ಸ್‌ಮನ್‌ವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಅಲ್ಲಿ ಫೀಸಿಲ್ಲವಂತೆ, ಆದರೆ ಮೊದಲು ಕಂಪನಿಗೇ ದೂರು ಕೊಟ್ಟಿರಬೇಕು.

ಇನ್ನೊಂದು ವಿಷಯ. ‘ಸಾಹಸ ಕ್ರೀಡೆಗೆ ಕವರ್ ಇಲ್ಲ’ ಅನ್ನೋ ಷರತ್ತು ನೋಡಿ ಹೆದರಿದ್ದೆ. ನಮ್ಮ ಪಾಲಿಸಿಯಲ್ಲಿ ಅದು ಬಂಡೆ ಹತ್ತೋದು, ರಾಫ್ಟಿಂಗ್, ಮೋಟಾರ್ ರೇಸ್ ಥರದ್ದನ್ನ ವೃತ್ತಿಯಾಗಿ ಮಾಡೋರಿಗಂತೆ. ಭಾನುವಾರದ ಕಬಡ್ಡಿಗಲ್ಲ. ತಮ್ಮ ಆಗಲೇ ಮ್ಯಾಟ್ ಕಡೆ ನೋಡ್ತಿದ್ದಾನೆ, ಅಮ್ಮ ಶೂ ಬಚ್ಚಿಟ್ಟಿದ್ದಾರೆ.