ಟ್ರಾನ್ಸ್‌ಫಾರ್ಮರ್ ವಿಷ್ಯದಲ್ಲಿ ‘ಸುರುಳಿ’, ‘ಸುತ್ತು’, ‘ಕರೆಂಟು’: ಯಾವುದನ್ನ ಎಲ್ಲಿ ಬಳಸೋದು?

ಎಲ್ರಿಗೂ ನಮಸ್ಕಾರ. ಮಂಡ್ಯದ ಹೈಸ್ಕೂಲ್ ಮಕ್ಕಳಿಗೆ ಅಂತ ಟ್ರಾನ್ಸ್‌ಫಾರ್ಮರ್ (ವೋಲ್ಟೇಜ್ ಏರಿಸೋ, ಇಳಿಸೋ ಸಾಧನ) ಬಗ್ಗೆ ಎರಡು ಪುಟ ಬರೀತಿದೀನಿ, ಎರಡು ಪದದ ಹತ್ರ ಬರಹ ನಿಂತೋಗಿದೆ, ತಿಳಿದೋರು ಹೇಳಿ.

ಒಂದು, ‘ಸುರುಳಿಗಳ ಸಂಖ್ಯೆ ಹೆಚ್ಚಾದರೆ ವೋಲ್ಟೇಜ್ ಹೆಚ್ಚುತ್ತದೆ’ ಅಂತ ಬರೀತಾರಲ್ಲ, ಅದನ್ನ ಓದಿದ ಮಗು ಕಾಯಿಲ್‌ಗಳನ್ನೇ ನಾಲ್ಕೈದು ಇಡ್ಬೇಕು ಅಂದ್ಕೊಳುತ್ತೆ. ಇರೋದು ಎರಡೇ ಕಾಯಿಲ್ಲು, ಲೆಕ್ಕಕ್ಕೆ ಬರೋದು ಒಂದೊಂದರಲ್ಲೂ ತಂತಿ ನಡುವಿನ ಕಬ್ಬಿಣದ ಕೋರನ್ನ ಎಷ್ಟು ಸಲ ಸುತ್ತಿದೆ ಅನ್ನೋದು. ಅದಕ್ಕೇ ಇಡೀ ಕಾಯಿಲ್‌ಗೆ ‘ಸುರುಳಿ’, ಒಂದೊಂದು ಟರ್ನ್‌ಗೆ ‘ಸುತ್ತು’ ಅಂತ ಬೇರೆಬೇರೆ ಇಟ್ಕೊಂಡಿದೀನಿ. ವೈಂಡಿಂಗ್ ಮಾಡೋರ, ಅಂದ್ರೆ ತಂತಿ ಸುತ್ತೋ ಕೆಲಸದೋರ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತೆ, ಅವರು ಮೊದಲು ನೋಡೋದೇ ಒಂದು ವೋಲ್ಟಿಗೆ ಎಷ್ಟು ಸುತ್ತು ಅಂತ. ಕೋರಿನೊಳಗೆ ಏರಿಳಿಯೋ ಕಾಂತಕ್ಷೇತ್ರ ಎರಡೂ ಸುರುಳಿಗೆ ಒಂದೇ ಆಗಿರೋದ್ರಿಂದ ಯಾವ ಕಡೆಯ ಸುತ್ತಾದ್ರೂ ತಲಾ ಸಿಗೋ ವೋಲ್ಟು ಒಂದೇ. ವೋಲ್ಟಿಗೆ 4 ಸುತ್ತು ಅಂತ ಇಟ್ಕೊಂಡ್ರೆ 230 ವೋಲ್ಟ್ ಕಡೆ 920, 12 ವೋಲ್ಟ್ ಕಡೆ 48. ಲೋಡ್ ಹಾಕಿದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತೆ ಅಂತ 48ರ ಮೇಲೆ ಇನ್ನೊಂದೆರಡು ಸುತ್ತು ಸೇರಿಸ್ತಾರೆ.

12 ವೋಲ್ಟ್ ಕಡೆ 5 ಆಂಪಿಯರ್ ಎಳೆದ್ರೆ 60 ವ್ಯಾಟ್ ಆಯ್ತು, ಅದೇ 60 ವ್ಯಾಟಿಗೆ 230ರ ಕಡೆ ಹರಿಯೋದು ಕಾಲು ಆಂಪಿಯರ್‌ಗಿಂತ ಒಂಚೂರು ಜಾಸ್ತಿ ಅಷ್ಟೆ. ಕೆಟ್ಟಿರೋ ಹಳೇದೊಂದನ್ನ ಬಿಚ್ಚಿ ನೋಡಿ, 230ರ ಕಡೆ ಕೂದಲಿನಂಥ ತಂತಿ ಪದರಪದರವಾಗಿ ಸುತ್ತಿರುತ್ತೆ, 12ರ ಕಡೆ ಬೆರಳಲ್ಲಿ ಹಿಡಿದು ಬಗ್ಗಿಸೋಕೂ ಗಟ್ಟಿ ಅನ್ಸೋ ದಪ್ಪ ತಂತಿ, ಸುತ್ತುಗಳನ್ನ ಕಣ್ಣಲ್ಲೇ ಎಣಿಸ್ಬೋದು. ಸುತ್ತು ಕಮ್ಮಿ ಇರೋ ಕಡೆ ಹರಿಯೋ ಆಂಪಿಯರ್ ಜಾಸ್ತಿ, ಅದಕ್ಕೇ ತಂತಿ ದಪ್ಪ, ಇದನ್ನ ಕೈಯಲ್ಲಿ ಮುಟ್ಟಿದ ಮಗು ಸೂತ್ರ ಮರೆತ್ರೂ ವಿಷ್ಯ ಮರೆಯಲ್ಲ.

ಇನ್ನು ಎರಡನೇದು ‘ಕರೆಂಟು’ ಅನ್ನೋ ಪದ, ಇದೇ ದೊಡ್ಡ ತೊಡಕು. ‘ವೋಲ್ಟೇಜ್ ಇಳಿಸಿದಷ್ಟೂ ಕರೆಂಟ್ ಏರುತ್ತೆ’ ಅಂದ್ರೆ ನಮ್ಮೂರಲ್ಲಿ ಯಾರೂ ಒಪ್ಪಲ್ಲ. ಕರೆಂಟು ಹೋಯ್ತು ಅಂದ್ರೆ ಸಪ್ಲೈ, ಕರೆಂಟು ಹೊಡೀತು ಅಂದ್ರೆ ಶಾಕು, ಕರೆಂಟು ಜಾಸ್ತಿ ಬಂದು ಬಲ್ಬು ಸುಟ್ಟೋಯ್ತು ಅಂದಾಗ ಅದೇ ವೋಲ್ಟೇಜು. ‘ವಿದ್ಯುತ್ ಪ್ರವಾಹ’ ಶಾಸ್ತ್ರಕ್ಕೆ ಸರಿ, ಆದ್ರೆ ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಉಳಿಯಲ್ಲ. ಪಂಪ್‌ಸೆಟ್ ಇರೋ ರೈತರು ಮಾತ್ರ ಸರಿಯಾದ ಪದ ಇಟ್ಕೊಂಡಿದಾರೆ, ಸ್ಟಾರ್ಟರ್ ಬೋರ್ಡಿನ ಮೀಟರ್ ನೋಡಿ ‘ಆಂಪ್ಸ್ ಜಾಸ್ತಿ ಎಳೀತೈತೆ, ಮೋಟ್ರು ಸುಟ್ಟೋಯ್ತದೆ ಆಫ್ ಮಾಡ್ಲಾ’ ಅಂತಾರೆ. ಅಳತೆ ಹೆಸರನ್ನೇ ವಸ್ತುವಿಗೂ ಬಳಸೋದು ಕನ್ನಡಕ್ಕೆ ಹೊಸದಲ್ಲ, ಮಗು ಎಷ್ಟು ಕೆಜಿ ಇದೆ ಅಂತ ಕೇಳ್ತೀವಲ್ಲ ಹಾಗೆ. ನನ್ನ ಒಲವು ಆಂಪ್ಸ್ ಕಡೆಗೇ ಇದೆ.

ಆಂಪ್ಸ್ ಅಂತ ಇಟ್ಕೊಂಡ್ರೆ ಊರಾಚೆ ಕಂಬದ ಮೇಲಿರೋ ಟಿಸಿ (ದೊಡ್ಡ ಟ್ರಾನ್ಸ್‌ಫಾರ್ಮರ್) ಲೆಕ್ಕವೂ ಸಲೀಸು. 11,000 ವೋಲ್ಟನ್ನ 433ಕ್ಕೆ ಇಳಿಸೋ ಮೂರು ಫೇಸಿನ 100 ಕೆವಿಎ (ಎಷ್ಟು ಲೋಡ್ ಹೊರುತ್ತೆ ಅನ್ನೋ ಅಳತೆ) ಟಿಸಿಗೆ ಪೂರ್ತಿ ಲೋಡಲ್ಲಿ ಮೇಲಿನ ಒಂದೊಂದು ಲೈನಿಂದ ಬರೋದು ಸುಮಾರು 5.25 ಆಂಪ್ಸ್, ಕೆಳಗಡೆ ಹೊರಡೋದು 133. ಅಂದ್ರೆ ಸುಮಾರು 25 ಪಟ್ಟು.

ವೋಲ್ಟೇಜ್ ಏರಿಸೋದಕ್ಕೆ ನಮ್ಮ ಜಿಲ್ಲೆಯ ಶಿವನಸಮುದ್ರಕ್ಕಿಂತ ಒಳ್ಳೆ ಉದಾಹರಣೆ ಬೇಡ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದಾಗ ವೋಲ್ಟೇಜನ್ನ 35,000ಕ್ಕೆ ಏರಿಸಿ ಕಳಿಸಿದ್ರು. ಅಷ್ಟೇ ಪವರ್‌ಗೆ ವೋಲ್ಟೇಜ್ ಹತ್ತು ಪಟ್ಟು ಆದ್ರೆ ಆಂಪ್ಸ್ ಹತ್ತನೇ ಒಂದಾಗುತ್ತೆ, ತಂತಿ ಬಿಸಿಯಾಗಿ ಹಾಳಾಗೋ ಪವರ್ ನೂರನೇ ಒಂದಕ್ಕೆ ಇಳಿಯುತ್ತೆ. ಇದನ್ನ ‘ಕರೆಂಟ್ ಕಮ್ಮಿ ಮಾಡಿ ಕಳಿಸಿದ್ರು’ ಅಂತ ಬರೆದ್ರೆ ಗಣಿಗೆ ಏನೋ ಕಮ್ಮಿ ಕೊಟ್ರು ಅನ್ನೋ ಅರ್ಥ ಬರುತ್ತೆ.

ಹುಬ್ಬಳ್ಳಿ, ಮಂಗಳೂರು ಕಡೆ ವೈಂಡಿಂಗ್ ಮಾಡೋರು ಟರ್ನ್‌ಗೆ ಸುತ್ತು ಅಂತಾರಾ, ಬೇರೆ ಏನಾದ್ರೂ ಅಂತಾರಾ? ಪಂಪ್‌ಸೆಟ್ ಇರೋರ ಬಾಯಲ್ಲಿ ಆಂಪ್ಸ್ ಅಲ್ದೆ ಅಪ್ಪಟ ಕನ್ನಡದ ಮಾತು ಕೇಳಿದ್ರೆ ಅದನ್ನೂ ಬರೀರಿ.