ಲೀಕೇಜ್ ಹುಡುಕುವವರಿಗೆ ದುಡ್ಡು ಕೊಟ್ಟಾಯಿತು, ಲೀಕೇಜ್ ಮಾತ್ರ ಸಿಗಲಿಲ್ಲ. ಮುಂದೇನು?

ನವನಗರದಾಕಿ:

ನಮಸ್ಕಾರ ರೀ. ಸಿಟ್ಟಿನಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆದರೆ ಬೇಜಾರಾಗಬೇಡಿ.

ಹುಬ್ಬಳ್ಳಿ ನವನಗರದಲ್ಲಿ ನಮ್ಮದು ಹಳೇ ಮನೆ, ಕೆಳಗೊಂದು ಮೇಲೊಂದು. ಕೆಳಗೆ ಅತ್ತೆಯವರು ಮಲಗುವ ಕೋಣೆಯ ಗೋಡೆಗೆ ಥಂಡಿ, ಅಂದರೆ ತೇವ, ಹಿಡಿದಿದೆ. ಛತ್ತಿನ ಹತ್ತಿರ ಶುರುವಾಗಿ ಸ್ವಿಚ್ ಬೋರ್ಡಿನ ತನಕ ಇಳಿದಿದೆ. ಪೇಂಟ್ ಉಬ್ಬಿ, ಬಿಳಿ ಉಪ್ಪು ಬಿಟ್ಟಿದೆ. ಮಳೆಗಾಲ ಹೋಗಿ ಬೇಸಿಗೆ ಬಂದರೂ ಒಣಗಿಲ್ಲ, ಅಂದ ಮೇಲೆ ಮಳೆ ನೀರಲ್ಲ ಅಲ್ವಾ? ಸರಿಯಾಗಿ ಅದರ ಮೇಲೆ ಮಹಡಿಯ ಬಚ್ಚಲಿದೆ.

ಸುಮ್ನೆ ಟೈಲ್ಸ್ ಒಡೆಸುವುದು ಬೇಡ ಅಂತ ಲೀಕೇಜ್ ಪತ್ತೆ ಮಾಡುವ ಒಂದು ಕಂಪನಿಗೆ ಫೋನ್ ಹಚ್ಚಿದೆ. ಹೆಸರು ಇಲ್ಲಿ ಬೇಡ. 'ಒಡೆಯದೆ, ಅಗೆಯದೆ, ನೂರಕ್ಕೆ ನೂರು ಪತ್ತೆ' ಅಂತ ವಾಟ್ಸಾಪಿನಲ್ಲಿ ಮೆಸೇಜ್ ಕಳಿಸಿದರು. ರೇಟು 4,500 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 5,310 ಕೊಟ್ಟೆವು.

ಇಬ್ಬರು ಹುಡುಗರು ಬಂದರು. ಥರ್ಮಲ್ ಕ್ಯಾಮೆರಾ ಹಿಡಿದು ಗೋಡೆಯ ಫೋಟೋ ತೆಗೆದರು. ಮಹಡಿಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಲಕ್ಕೆ ಏನೋ ಒತ್ತಿ ಕೇಳಿದರು. ನಳ ಬಂದ್ ಮಾಡಿ ನೋಡಲಿಲ್ಲ. ಯಾವಾಗ ಜಾಸ್ತಿ ಒದ್ದೆಯಾಗುತ್ತದೆ ಅಂತ ಒಂದು ಮಾತು ಕೇಳಲಿಲ್ಲ. ಚಹಾ ಆರುವುದರೊಳಗೆ ಕೆಲಸ ಮುಗೀತು. ಸಂಜೆ ಬಣ್ಣಬಣ್ಣದ ರಿಪೋರ್ಟ್ ಬಂತು. ಗೋಡೆಯಲ್ಲಿ ಎಲ್ಲಿ ಥಂಡಿ ಇದೆಯೋ ಅಲ್ಲೆಲ್ಲ ನೀಲಿ. ಅತ್ತೆಯವರು ಮೊಬೈಲ್ ನೋಡಿ, "ಥಂಡಿ ಎಲ್ಲೈತಿ ಅಂತ ನನ್ನ ಬೆನ್ನಿಗೇ ಗೊತ್ತೈತಿ. ಇದಕ್ಕ ಐದ ಸಾವಿರ ಕೊಟ್ಟೇನವಾ?" ಅಂದರು. ನಾನೇನು ಹೇಳಲಿ?

ವಾಶ್ ಬೇಸಿನ್ ಕೆಳಗಿನ ನೀರಿನ ಪೈಪಿನ ಜಾಯಿಂಟ್ ಸೋರುತ್ತಿದೆ ಅಂತ ರಿಪೋರ್ಟಿನಲ್ಲಿ ಬರೆದಿದ್ದರು. ಗೌಂಡಿಯನ್ನು ಕರೆಸಿ ಒಡೆಸಿದೆವು. ಒಳಗೆ ಪೈಪು ಒಣಾ ಒಣಾ. ಸಿಮೆಂಟ್ ಕೂಡ ಒಣಗಿದ್ದೇ ಇತ್ತು. ಈಗ ಅಂಥ ಟೈಲ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ.

ಫೋನ್ ಮಾಡಿದರೆ, "ಮೇಡಂ, ರಿಪೋರ್ಟಿನ ಕೆಳಗೆ 'ಸಂಭವನೀಯ ಜಾಗ' ಅಂತ ಇದೆ ನೋಡಿ. ಮತ್ತೆ ಬರಬೇಕಂದರೆ ಮತ್ತೆ ಚಾರ್ಜ್" ಅಂತಾರೆ. ಅದೇ ಉಸಿರಿನಲ್ಲಿ, ಬಚ್ಚಲಿಗೆಲ್ಲ ನಮ್ಮ ಕೆಮಿಕಲ್ ವಾಟರ್‌ಪ್ರೂಫಿಂಗ್ ಮಾಡಿಸಿಬಿಡಿ, 38,000 ಆಗುತ್ತದೆ ಅಂತಲೂ ಹೇಳಿದರು! ನನಗೆ ಉರಿದದ್ದು ಅಲ್ಲಿ. ರೋಗ ಯಾವುದು ಅಂತ ಹೇಳುವವರೇ ಔಷಧಿಯನ್ನೂ ಮಾರಿದರೆ ಪರೀಕ್ಷೆ ನೆಟ್ಟಗೆ ಮಾಡಿಯಾರೇ?

ನಿಜವಾಗಿ ಅವರು ಏನೇನು ಟೆಸ್ಟ್ ಮಾಡಬೇಕಿತ್ತು? ದುಡ್ಡು ವಾಪಸ್ ಕೇಳಬಹುದಾ? ಗೊತ್ತಿದ್ದವರು ಹೇಳಿ.

ಪೈಪ್ ಪಾನಾ, ಧಾರವಾಡ:

ಅಕ್ಕಾರ, ನಾನು ಪ್ಲಂಬಿಂಗ್ ಕೆಲಸದವನು. ಮೊದಲು ಆ ಸ್ವಿಚ್ ಬೋರ್ಡಿನ ಲೈನು ಬಂದ್ ಮಾಡಿಸಿ. ಉಳಿದದ್ದು ಆಮೇಲೆ.

ಥರ್ಮಲ್ ಕ್ಯಾಮೆರಾ ಗೋಡೆಯ ಒಳಗೆ ನೋಡುವುದಿಲ್ಲ. ಗೋಡೆಯ ಮೇಲ್ಮೈ ಎಷ್ಟು ಬಿಸಿ, ಎಷ್ಟು ತಂಪು, ಅಷ್ಟೇ ಹೇಳುತ್ತದೆ. ಒದ್ದೆ ಗೋಡೆಯಿಂದ ನೀರು ಆವಿಯಾಗುವಾಗ ಆ ಜಾಗ ತಂಪಾಗುತ್ತದೆ, ಅದಕ್ಕೆ ನೀಲಿ ಕಾಣುತ್ತದೆ. ಕಪಾಟಿನ ಹಿಂದಿನ ಗೋಡೆ ಒಣಗಿದ್ದರೂ ಕೆಲವೊಮ್ಮೆ ನೀಲಿ ಬರುತ್ತದೆ. ಗೀಸರಿನ ಬಿಸಿನೀರಿನ ಲೈನು ಸೋರುತ್ತಿದ್ದರೆ ಈ ಕ್ಯಾಮೆರಾ ಒಳ್ಳೇ ಕೆಲಸ ಕೊಡುತ್ತದೆ, ಅದನ್ನು ಒಪ್ಪುತ್ತೇನೆ. ತಣ್ಣೀರು ಎಲ್ಲಿಂದ ಬಂತು ಅಂತ ಅದಕ್ಕೆ ತಿಳಿಯದು. ನೀರು ಸ್ಲ್ಯಾಬಿನ ಮೇಲೆ ಒಂದು ಕಡೆ ಇಳಿದು, ಹರಿದು, ಇನ್ನೊಂದು ಕಡೆ ಹೊರಬೀಳುತ್ತದೆ.

ಇನ್ನು ಹೆಡ್‌ಫೋನ್ ಮಾತು. ಆ ಮಷೀನು ಪ್ರೆಶರಿನಿಂದ ಚಿಮ್ಮುವ ನೀರಿನ ಸದ್ದು ಹಿಡಿಯುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಪ್ರೆಶರ್. ನಿಮ್ಮ ಟಾಕಿ ಮೇಲ್ಮನೆಯ ಛತ್ತಿನ ಮೇಲೆ ಇರಬೇಕು. ಮೇಲಿನ ಬಚ್ಚಲಿಗೆ ಮೂರು ಮೀಟರ್ ಸಿಕ್ಕರೆ ಹೆಚ್ಚು. ಅಂದರೆ ಕಾಲು ಕೆಜಿ ಆಸುಪಾಸು. ಅದರಲ್ಲೂ ಪ್ಲಾಸ್ಟಿಕ್ ಪೈಪಾದರೆ ಸದ್ದು ದೂರ ಹೋಗುವುದೇ ಇಲ್ಲ. ಹುಡುಗರು ಏನು ಕೇಳಿಸಿಕೊಂಡರೋ ದೇವರಿಗೇ ಗೊತ್ತು.

ಮಾಡಬೇಕಾದ ಕೆಲಸ ಇಷ್ಟು. ಮೇಲಿನ ಬಚ್ಚಲಿನ ಎಲ್ಲ ನಳದ ಪಾಯಿಂಟಿಗೆ ಡಮ್ಮಿ (ಬಿರಡೆ) ಹಾಕಿ, ಟಾಕಿಯ ವಾಲ್ವ್ ಬಂದ್ ಮಾಡಿ, ಕೈಪಂಪಿನಿಂದ ಲೈನಿಗೆ ಪ್ರೆಶರ್ ಕೊಡಬೇಕು. ಹೊಸ ಲೈನಿಗೆ ಜಾಸ್ತಿ ಕೊಡುತ್ತೇವೆ, ಹಳೇದಕ್ಕೆ ಎರಡು ಮೂರು ಕೆಜಿ ಸಾಕು. ಒಂದು ತಾಸು ಗೇಜಿನ ಮುಳ್ಳು ನೋಡಿ. ಇಳಿದರೆ ನೀರಿನ ಪೈಪೇ ಸೋರುತ್ತಿದೆ. ನಿಂತಲ್ಲೇ ನಿಂತರೆ ಆ ಲೈನನ್ನು ಬಿಟ್ಟುಬಿಡಿ, ಡ್ರೇನ್ ಕಡೆ ನೋಡಿ. ಡ್ರೇನಿನಲ್ಲಿ ಪ್ರೆಶರ್ ಇರುವುದಿಲ್ಲ, ಸ್ನಾನ ಮಾಡಿದಾಗ ಮಾತ್ರ ಸೋರುತ್ತದೆ, ಯಾವ ಹೆಡ್‌ಫೋನಿಗೂ ಕೇಳಿಸದು. ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲಿನ ನೆಲದ ನೀರು ಹೊರಹೋಗುವ ತೂತಿನ, ಬಾಯಿ ಮುಚ್ಚಿ, ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿ ಒಂದು ದಿನ ಬಿಡಿ. ಕೆಳಗೆ ಥಂಡಿ ಹೆಚ್ಚಾದರೆ ನೆಲದ್ದೇ ತಪ್ಪು. ಹೆಚ್ಚಾಗದಿದ್ದರೆ ಬಾಯಿ ತೆಗೆದು, ಜಿಲೇಬಿಗೆ ಹಾಕುವ ಬಣ್ಣ ಕಲಸಿದ ನೀರನ್ನು ಟ್ರ್ಯಾಪಿಗೆ ಸುರಿಯಿರಿ. ಕೆಳಗೆ ಆ ಬಣ್ಣ ಕಂಡರೆ ಟ್ರ್ಯಾಪೋ ಡ್ರೇನ್ ಪೈಪೋ ಸೋರುತ್ತಿದೆ. ನಾನು ನೋಡಿದ ಹಳೇ ಮನೆಗಳಲ್ಲಿ ಹೆಚ್ಚಿನವು ಟ್ರ್ಯಾಪಿನ ಸುತ್ತಲೇ ಸೋರುತ್ತಿದ್ದವು.

ಬೆಟಗೇರಿ ಕಾಕಾ:

ತಂಗಿ, ತಪ್ಪು ತಿಳೀಬೇಡ. ಒಡೆಯದೇ ನೂರಕ್ಕೆ ನೂರು ಯಾರಿಂದಲೂ ಆಗದು. ಮಷೀನು ಅಂದಾಜು ಹೇಳುತ್ತದೆ ಅಂತ ಅವರು ರಿಪೋರ್ಟಿನಲ್ಲಿ ಬರೆದೇ ಇದ್ದಾರಲ್ಲ. ಓದದೆ ದುಡ್ಡು ಕೊಟ್ಟು ಆಮೇಲೆ ಜಗಳ ಯಾಕೆ?

ನವನಗರದಾಕಿ:

ಕಾಕಾ, ರಿಪೋರ್ಟ್ ಬಂದದ್ದು ದುಡ್ಡು ಕೊಟ್ಟ ಮೇಲೆ. ಕೊಡುವ ಮುಂಚೆ ಬಂದದ್ದು 'ನೂರಕ್ಕೆ ನೂರು' ಅನ್ನುವ ಮೆಸೇಜು. ಮೊದಲೇ ಅಂದಾಜು ಅಂದಿದ್ದರೆ ನಾನೇ ಗೌಂಡಿಯನ್ನು ತಡೆಯುತ್ತಿದ್ದೆ.

ಕೇಶ್ವಾಪುರ ಗ್ರಾಹಕ:

ಆ ಮೆಸೇಜ್ ಅಳಿಸಬೇಡಿ. ನಿಮ್ಮ ಕೇಸೇ ಅದು.

ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ? 15 ಅಕ್ಷರ ಅಂಕಿಗಳ ನಂಬರು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಸೇವಾ ನ್ಯೂನತೆ ಅಂತ ಕೇಳಬಹುದು. ಮೊದಲು ಅವರಿಗೆ ಕಾಗದದಲ್ಲಿ ನೋಟಿಸ್ ಕೊಡಿ: ಕೊಟ್ಟ ದುಡ್ಡು, ಒಡೆಸಿದ ಖರ್ಚು, ಟೈಲ್ಸ್ ಖರ್ಚು ಇಷ್ಟು ದಿನದೊಳಗೆ ಕೊಡಿ ಅಂತ. ಜೊತೆಗೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ಗ್ರಾಹಕರ ಸಹಾಯವಾಣಿ. ಎಷ್ಟೋ ಕಂಪನಿಯವರು ಅಷ್ಟಕ್ಕೇ ಮಾತಿಗೆ ಬರುತ್ತಾರೆ. ಬರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಸೇವೆಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಆದರೆ ಅವರು ಹೇಳಿದ ಜಾಗ ತಪ್ಪು ಅಂತ ನೀವು ತೋರಿಸಬೇಕಾಗುತ್ತದೆ. ಒಡೆಸಿದಾಗಿನ ಫೋಟೋ ಇದೆಯಲ್ಲ?

ಗದಗಿನ ವೈನಿ:

ನಮ್ಮ ಮನೆಯಲ್ಲೂ ಹಿಂಗೇ ಥಂಡಿ ಇತ್ತು ರೀ. ಆದರೆ ನಮ್ಮದು ಕೆಳಗಿನಿಂದ ಮೇಲೇರಿದ್ದು. ಎರೆ ಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಆ ಎಳೆದಾಟಕ್ಕೆ ನೆಲದೊಳಗಿನ ಟಾಕಿಯೇ ಸೀಳಿತ್ತು. ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಮೋಟಾರು ಹಚ್ಚದೆ ಬೆಳಿಗ್ಗೆ ನೋಡಿದಾಗ ಗೊತ್ತಾಯಿತು. ನಿಮ್ಮದು ಮೇಲಿನಿಂದ ಇಳಿದಿದೆ ಅಂದಿದ್ದೀರಿ, ಹಾಗಾದರೆ ಪಾನಾ ಅಣ್ಣಾರು ಹೇಳಿದ್ದೇ ಸರಿ ಅನ್ನಿಸುತ್ತದೆ.

ನವನಗರದಾಕಿ:

ಎಲ್ಲರಿಗೂ ಥ್ಯಾಂಕ್ಸ್ ರೀ. ಬೋರ್ಡಿನ ಲೈನು ಬಂದ್ ಮಾಡಿಸಿದ್ದೇವೆ. ನಮ್ಮ ಓಣಿಯ ಪ್ಲಂಬರ್ ಕಡೆ ಗೇಜ್ ಇತ್ತು. ಪ್ರೆಶರ್ ಕೊಟ್ಟು ಒಂದು ತಾಸು ನೋಡಿದೆವು, ಮುಳ್ಳು ಅಲ್ಲಾಡಲೇ ಇಲ್ಲ. ಅಂದರೆ ನೀರಿನ ಪೈಪು ಸೋರುತ್ತಲೇ ಇಲ್ಲ! ಇಷ್ಟು ಮಾಡಿದ್ದಕ್ಕೆ ಅವರು ತೆಗೆದುಕೊಂಡದ್ದು 600 ರೂಪಾಯಿ. ಗೇಜಿನ ವಿಡಿಯೋ ಮಾಡಿಟ್ಟಿದ್ದೇನೆ, ಒಡೆಸಿದಾಗಿನ ಫೋಟೋವೂ ಇದೆ.

ಬಿಲ್ಲು ನೋಡಿದೆ. 18% ಅಂತ ಬರೆದಿದ್ದಾರೆ, ಜಿಎಸ್‌ಟಿ ನಂಬರ್ ಎಲ್ಲೂ ಇಲ್ಲ. ನೋಟಿಸಿನಲ್ಲಿ ಅದನ್ನೂ ಸೇರಿಸುತ್ತೇನೆ.

ನೆಲಕ್ಕೆ ನೀರು ನಿಲ್ಲಿಸುವ ಟೆಸ್ಟ್ ಮಾತ್ರ ಬಾಕಿ. ನಮ್ಮ ಓಣಿಗೆ ನಳ ಬರೋದು ನಾಲ್ಕೈದು ದಿನಕ್ಕೊಮ್ಮೆ. ಈಗ ಟಾಕಿಯಲ್ಲಿ ಇರುವ ನೀರನ್ನು ಬಚ್ಚಲಿಗೆ ಸುರಿದು ಕೂತರೆ ಅತ್ತೆಯವರು ಸುಮ್ಮನಿರುವುದಿಲ್ಲ. ನಳ ಬಂದ ದಿನ ಮಾಡುತ್ತೇನೆ. ಪಾನಾ ಅಣ್ಣಾ, ಬೇಸಿನ್ ಕೆಳಗೆ ಒಡೆಸಿದ ಜಾಗವನ್ನು ಮೊದಲು ಮುಚ್ಚಿಸಬೇಕಾ, ಹಾಗೇ ಬಿಟ್ಟು ನೀರು ನಿಲ್ಲಿಸಬಹುದಾ?

ಪೈಪ್ ಪಾನಾ, ಧಾರವಾಡ:

ಹಾಗೇ ಬಿಟ್ಟರೆ ನೀರು ಆ ತೂತಿನಿಂದಲೇ ಇಳಿಯುತ್ತದೆ, ಟೆಸ್ಟ್ ಕೆಡುತ್ತದೆ. ಅದರ ಸುತ್ತ ಸಿಮೆಂಟಿನಿಂದ ಎರಡೂವರೆ ಇಂಚಿನ ಕಟ್ಟೆ ಕಟ್ಟಿಸಿ, ಒಣಗಲು ಬಿಡಿ, ಆಮೇಲೆ ನೀರು ನಿಲ್ಲಿಸಿ. ಟೈಲ್ಸ್ ಈಗಲೇ ಹಚ್ಚಿಸಬೇಡಿ. ಟ್ರ್ಯಾಪ್ ಬಿಚ್ಚುವ ಪ್ರಸಂಗ ಬಂದರೆ ಗೌಂಡಿಯ ಕೂಲಿ ಎರಡು ಸಲ ಆಗುತ್ತದೆ.